ಗೋಣಿದಿಣ್ಣೆಯ ಹೆಸರು ಊರಾಚೆ ಹೋದದ್ದು

ಗೋಣಿದಿಣ್ಣೆ ಎಂಬ ಹೆಸರನ್ನು ಯಮುನಾ ಮೊದಲು ಕೇಳಿದ್ದು ಮದುವೆಯಾಗಿ ಬಂದ ವರ್ಷದ ಬೇಸಿಗೆಯಲ್ಲಿ. ಅತ್ತೆ ಪುಟ್ಟಲಕ್ಷ್ಮಮ್ಮ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಗುದ್ದಲಿ ಹೆಗಲಿಗಿಟ್ಟು, "ಗೋಣಿದಿಣ್ಣೆಗೆ ಓಗ್ಬತ್ತೀನಿ ಕಣವ್ವ" ಎಂದು ಹೊರಟಾಗ ಅದು ಯಾವುದೋ ಪಕ್ಕದ ಊರಿರಬೇಕು ಎಂದುಕೊಂಡಿದ್ದಳು. ಚನ್ನರಾಯಪಟ್ಟಣದ ಕಡೆ ತೆಂಗಿನ ಸಾಲುಗಳ ನಡುವೆ ಬೆಳೆದವಳಿಗೆ ಹೊಲವೆಂದರೆ ವರ್ಷವಿಡೀ ಕಣ್ಣೆದುರೇ ಇರುವ ವಸ್ತು. ಮಳೆಗಾಲದಲ್ಲಿ ನೀರಿನೊಳಕ್ಕೆ ಹೋಗಿ ಬೇಸಿಗೆಯಲ್ಲಿ ಎದ್ದು ಬರುವ ಹೊಲವನ್ನು ಅವಳು ಕಂಡಿರಲಿಲ್ಲ.

ಹೇಮಾವತಿಗೆ ಅಣೆಕಟ್ಟೆ ಬಂದಾಗ ಮುಳುಗಿದ ಊರುಗಳಲ್ಲಿ ಪುಟ್ಟಲಕ್ಷ್ಮಮ್ಮ ಸೊಸೆಯಾಗಿ ಕಾಲಿಟ್ಟಿದ್ದ ಊರೂ ಒಂದು. ಪರಿಹಾರ ಪಡೆದ ಹೆಚ್ಚಿನ ಮನೆಯವರು ದೂರ ಹೋದರು. ಹತ್ತಾರು ಕುಟುಂಬಗಳು ಮಾತ್ರ ನೀರಿಗಿಂತ ಕೊಂಚ ಎತ್ತರದಲ್ಲಿ ನಿಂತುಬಿಟ್ಟವು. ಶೆಟ್ಟಿಹಳ್ಳಿಯಿಂದ ಹಿನ್ನೀರಿನ ಅಂಚು ಹಿಡಿದು ಬಂದರೆ ಸಿಗುವ ಮೇಲ್ಕೊಪ್ಪಲು ಎಂದರೆ ಅವರೇ. ಬೇಸಿಗೆ ಬಂದು ನೀರು ಹಿಂದೆ ಸರಿದಾಗ ಹಳೆಯ ಊರಿನ ಎತ್ತರದ ಭಾಗ ಹೊರಗೆ ಕಾಣುತ್ತದೆ. ಗೋಣಿದಿಣ್ಣೆ ಅದು. ಅಲ್ಲಿ ಈಗ ಗೋಣಿಮರವೂ ಇಲ್ಲ, ಅದರ ಬೊಡ್ಡೆಯೂ ಇಲ್ಲ. ಹೊಳೆ ತಂದು ಹಾಸಿದ ಕರಿ ಮೆಕ್ಕಲು ಮಣ್ಣಿದೆ. ಗೊಬ್ಬರವಿಲ್ಲದೆ, ನೀರು ಕಟ್ಟದೆ, ಮಣ್ಣಿನ ಹಸಿಯಲ್ಲೇ ಸೌತೆ, ಹಲಸಂದೆ, ಕುಂಬಳ ಬರುತ್ತವೆ. ಮತ್ತೆ ನೀರು ಏರುವ ಮೊದಲು ಕಿತ್ತುಕೊಂಡು ಬರಬೇಕು, ಅಷ್ಟೆ.

ಕಾಗದದಲ್ಲಿ ಅದು ಜಲಾಶಯದ ನೆಲ. ಮೇಲ್ಕೊಪ್ಪಲಿನವರಿಗೆ ಅದು ಗೊತ್ತು, ನೀರಾವರಿ ಇಲಾಖೆಯವರಿಗೂ ಗೊತ್ತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆದರೆ ಮನೆಮನೆಯ ನಡುವೆ ಯಾರದು ಎಲ್ಲಿಯವರೆಗೆ ಎಂಬ ಲೆಕ್ಕ ಬೇಕಲ್ಲ. ನೆಟ್ಟ ಗೂಟ ನೀರಿಗೆ ಕೊಚ್ಚಿಹೋಗುತ್ತದೆ, ಇಟ್ಟ ಕಲ್ಲು ಕೆಸರಿನಲ್ಲಿ ಹೂತುಹೋಗುತ್ತದೆ. ಹಾಗಾಗಿ ಅವರು ಒಂದು ಕ್ರಮ ಮಾಡಿಕೊಂಡಿದ್ದರು. ಮಣ್ಣು ಕಾಲು ತಡೆಯುವಷ್ಟು ಗಟ್ಟಿಯಾದ ದಿನ ಪ್ರತಿ ಮನೆಯ ಹಿರಿಯರೊಬ್ಬರು ದಿಣ್ಣೆಗೆ ಇಳಿದು ತಮ್ಮ ಗಡಿಯ ಮೇಲೆ ನಡೆಯುತ್ತಾರೆ. ನಡೆಯುತ್ತಾ ಗುರುತುಗಳನ್ನು ಜೋರಾಗಿ ಕೂಗಿ ಹೇಳುತ್ತಾರೆ. ಗುರುತುಗಳೆಲ್ಲ ದೂರದವು: ಹಿನ್ನೀರಿನಲ್ಲಿ ಪಾಳುಬಿದ್ದು ನಿಂತ ಶೆಟ್ಟಿಹಳ್ಳಿ ಚರ್ಚಿನ ಮುರುಕು ಗೋಡೆ, ಆಚೆ ದಡದ ಗುಡ್ಡದ ಸೀಳು, ನೀರೊಳಗಿಂದ ತಲೆಯೆತ್ತಿದ ಆನೆಬಂಡೆ. ಇದಕ್ಕೂ ಅದಕ್ಕೂ ನೇರ ನಿಂತರೆ ಬಲಗೈ ಕಡೆ ನಮ್ಮದು, ಹೀಗೆ. ಪಕ್ಕದ ಗಡಿಯವರು "ಔದು" ಎನ್ನಬೇಕು. ಎಂದರೆ ಆ ವರ್ಷದ ಮಟ್ಟಿಗೆ ಗಡಿ ನಿಂತಿತು. ಗಡಿ ಕೂಗುವುದು ಎಂದೇ ಇದರ ಹೆಸರು. ಪುಟ್ಟಲಕ್ಷ್ಮಮ್ಮನವರ ಮನೆಯಲ್ಲಿ ಯಜಮಾನರಾದ ದೊಡ್ಡಬೀರಯ್ಯ ಕೂಗುತ್ತಿದ್ದರು. ಅವರು ಹೋದ ಮೇಲೆ ಆಕೆಯೇ ಕೂಗತೊಡಗಿದರು. ಹೆಂಗಸು ಗಡಿ ಕೂಗಿದ್ದು ಅಲ್ಲಿ ಅದೇ ಮೊದಲು.

ದಿಣ್ಣೆಯ ತರಕಾರಿ ಹಾಸನದ ಮಂಡಿಗೆ ಹೋಗುತ್ತಿತ್ತು, ಕೆಲವೊಮ್ಮೆ ಹೊಳೆನರಸೀಪುರಕ್ಕೆ. ಯಮುನಾಳ ಗಂಡ ಮೋಹನ್‌ಕುಮಾರ್ ತನ್ನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ, ಮಂಡಿಯವರು ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದ. ಗೊಬ್ಬರ ಔಷಧಿ ಕಾಣದ ಸೌತೆಕಾಯಿಯನ್ನು ಉಳಿದ ರಾಶಿಯ ಜೊತೆಗೇ ಸುರಿಯುವುದನ್ನು ನೋಡಿ ಯಮುನಾಳಿಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಸ್ತ್ರೀಶಕ್ತಿ ಸಂಘಕ್ಕೆ ಹಾಸನದಲ್ಲಿ ಒಂದು ತರಬೇತಿ ಎಂದು ಸುದ್ದಿ ಬಂದಾಗ, ಮೊಬೈಲಿನಲ್ಲಿ ವ್ಯಾಪಾರ ಮಾಡುವುದನ್ನು ಹೇಳಿಕೊಡುತ್ತಾರೆ ಎಂದಾಗ, ಮೇಲ್ಕೊಪ್ಪಲಿನಿಂದ ಹೋದವಳು ಅವಳೊಬ್ಬಳೇ.

ಹೇಳಿಕೊಟ್ಟವಳು ರೂಪಶ್ರೀ ಎಂಬ ಹಾಸನದ ಹುಡುಗಿ, ಬಟ್ಟೆಯಂಗಡಿಗಳಿಗೆ ಜಾಹೀರಾತು ಮಾಡಿಕೊಡುವವಳು. ಚುರುಕಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಪೋಸ್ಟ್ ಹಾಕಿದರೆ ಸಾಲದು, ಅದು ಬೇಕಾದವರ ಕಣ್ಣಿಗೆ ಬೀಳುವುದು ಹ್ಯಾಷ್‌ಟ್ಯಾಗಿನಿಂದ.

"ನೀವೆಲ್ಲ ಏನ್ ಮಾಡ್ತೀರ, ಫುಡ್, ಇಂಡಿಯಾ, ಲವ್ ಅಂತ ಮೂವತ್ತು ಟ್ಯಾಗ್ ಹಾಕ್ತೀರ. ಕೋಟಿ ಜನ ಅದನ್ನೇ ಹಾಕಿರ್ತಾರೆ. ಹಾಕಿದ ಕ್ಷಣಕ್ಕೇ ಕೆಳಗೆ ಹೋಗಿರ್ತೀರ. ನಾಲ್ಕೈದು ಸಾಕು. ಒಂದು ನಿಮ್ಮ ಜಿಲ್ಲೆದು, ಒಂದು ನಿಮ್ಮ ಪಕ್ಕದಲ್ಲಿ ಜನ ಹುಡುಕೋ ಜಾಗದ್ದು, ಒಂದು ನಿಮ್ಮ ಪದಾರ್ಥದ್ದು. ಇನ್ನೊಂದು ನಿಮ್ಮದೇ ಆಗಿರ್ಬೇಕು. ಬೇರೆ ಯಾರೂ ಬಳಸಿರ್ಬಾರ್ದು. ಪ್ರತಿ ಸಲ ಅದನ್ನೇ ಹಾಕ್ಬೇಕು. ಅದೇ ನಿಮ್ಮ ಅಂಗಡಿ ಬೋರ್ಡು."

ಎಲ್ಲರೂ ತಮ್ಮ ತಮ್ಮ ಬೋರ್ಡಿಗೆ ಹೆಸರು ಹುಡುಕತೊಡಗಿದರು. ಬಹಳ ಜನ ಮಕ್ಕಳ ಹೆಸರು ಹೇಳಿದರು, ಮನೆದೇವರ ಹೆಸರು ಹೇಳಿದರು. ರೂಪಶ್ರೀ ಒಂದೊಂದನ್ನೂ ಫೋನಿನಲ್ಲಿ ಒತ್ತಿ ನೋಡಿ, ಇದು ಸಾವಿರಾರು ಜನ ಹಾಕಿದ್ದಾರೆ ಎಂದು ತಲೆಯಾಡಿಸಿದಳು. ಯಮುನಾ, "ಗೋಣಿದಿಣ್ಣೆ ಅಂತ ನೋಡಿ ಮೇಡಂ" ಎಂದಳು. ರೂಪಶ್ರೀ ಒತ್ತಿದಳು. ಒಂದೂ ಬರಲಿಲ್ಲ.

"ಸೂಪರ್. ಪ್ರಪಂಚದಲ್ಲಿ ಯಾರೂ ಹಾಕಿಲ್ಲ. ಇದು ಪೂರ್ತಿ ನಿಮ್ದೇ."

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಯಮುನಾಳಿಗೆ ಏನೋ ಗೆದ್ದುಕೊಂಡು ಬಂದ ಹಾಗಿತ್ತು. ಸಂಜೆ ಅತ್ತೆಗೆ ಫೋನು ತೋರಿಸಿ ವಿವರಿಸಿದಳು. ಪುಟ್ಟಲಕ್ಷ್ಮಮ್ಮ ಹ್ಯಾಷ್‌ಟ್ಯಾಗಿನ ಅಡ್ಡಗೆರೆಗಳ ಗುರುತನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದೇನವ್ವ, ಚೌಕಾಬಾರದ ಮನೆ ಬರ್ದಂಗೈತೆ."

"ಅದ್ರ ಮುಂದೆ ನಮ್ಮೆಸ್ರು ಬರೀಬೇಕು ಅತ್ತೆ. ನೋಡಿ, ಗೋಣಿದಿಣ್ಣೆ."

"ಆ ಎಸ್ರು ಯಾಕೆ ಆಕ್ದೆ? ಸೌತೇಕಾಯಿ ಅಂತ ಆಕುದ್ರೆ ಜನುಕ್ಕೆ ತಿಳಿಯಾಕಿಲ್ವಾ?"

"ಸೌತೇಕಾಯಿ ಎಲ್ಲಾರ ತಾವೂ ಇರ್ತದೆ. ಗೋಣಿದಿಣ್ಣೆ ನಮ್ತಾವ ಮಾತ್ರ ಐತೆ."

ಪುಟ್ಟಲಕ್ಷ್ಮಮ್ಮ ಫೋನು ಹಿಂದಕ್ಕೆ ಕೊಟ್ಟರು. ಓದಿದ ಸೊಸೆ ಏನೋ ತಿಳಿದೇ ಮಾಡಿರುತ್ತಾಳೆ ಎಂದುಕೊಂಡರು. ಅಷ್ಟು ವರ್ಷ ಆ ಹೆಸರು ಮೇಲ್ಕೊಪ್ಪಲಿನ ಮನೆಗಳನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ ಎಂಬುದು, ಹೋಗದಂತೆ ಊರವರೇ ನೋಡಿಕೊಂಡಿದ್ದರು ಎಂಬುದು, ಸೊಸೆಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಂಡಿಯಲ್ಲಿ ಯಾರಾದರೂ ಯಾವ ಊರ ಕಾಯಿ ಎಂದು ಕೇಳಿದರೆ ಮೋಹನ್‌ಕುಮಾರ್ ಶೆಟ್ಟಿಹಳ್ಳಿ ಕಡೆದು ಎನ್ನುತ್ತಿದ್ದ. ಅದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಏಕೆಂದು ಅವನೂ ಯೋಚಿಸಿದವನಲ್ಲ.

ಮೊದಲ ಬೇಸಿಗೆಯಲ್ಲಿ ರೂಪಶ್ರೀ ಹೇಳಿದ್ದೆಲ್ಲ ನಿಜವಾಯಿತು. ಯಮುನಾ ಬೆಳಗಿನ ಬಿಸಿಲಿನಲ್ಲಿ ಇಬ್ಬನಿ ಆರದ ಸೌತೆಕಾಯಿಯ ಫೋಟೊ ತೆಗೆದು ಹಾಕುತ್ತಿದ್ದಳು. ಹಾಸನ, ಶೆಟ್ಟಿಹಳ್ಳಿ, ನಾಟಿಸೌತೆ, ಗೋಣಿದಿಣ್ಣೆ. ನಾಲ್ಕೇ ಟ್ಯಾಗು. ಹಾಸನದ ಬಡಾವಣೆಯ ಹೆಂಗಸರು ಕೇಳಿ ಬರೆದರು. ಭಾನುವಾರ ಆಟೋ ಮಂಡಿಗೆ ಹೋಗದೆ ಅವರ ಮನೆ ಬಾಗಿಲಿಗೆ ಹೋಗತೊಡಗಿತು. ಪಕ್ಕದ ಗಡಿಯ ಗಂಗಯ್ಯನವರು ಕೂಡ ತಮ್ಮ ಕುಂಬಳಕಾಯಿಗಳನ್ನು ತಂದು, "ಇದ್ನೂ ಒಸಿ ಆ ನಿನ್ ಪೆಟ್ಟಿಗೇಲಿ ಆಕವ್ವ" ಎಂದು ಆಟೋದಲ್ಲಿಟ್ಟು ಹೋಗುತ್ತಿದ್ದರು.

ಮರುವರ್ಷ ಮಳೆ ಸರಿಯಾಗಿ ಆಗಲಿಲ್ಲ. ಜಲಾಶಯ ತುಂಬಲಿಲ್ಲ. ನೀರು ಎಂದೂ ಇಳಿಯದಷ್ಟು ಇಳಿಯಿತು; ಮೇಲ್ಕೊಪ್ಪಲಿನವರ ಪಾಲಿಗೆ ಅದು ನೆಲ ಹೆಚ್ಚಿದ ವರ್ಷ. ಗಡಿ ಕೂಗುವ ದಿನ ಯಮುನಾ ಅತ್ತೆಯ ಹಿಂದೆ ಫೋನು ಹಿಡಿದು ಇಳಿದಳು. ಪುಟ್ಟಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಹಣೆಗೆ ಅಡ್ಡ ಹಿಡಿದು, ಇನ್ನೊಂದು ಕೈ ಚಾಚಿ ಕೂಗಿದರು:

"ಚರ್ಚಿನ್ ಮೂಡ್ಲ ಗ್ವಾಡೆಗೂ ಗುಡ್ಡದ್ ಸೀಳ್ಗೂ ನ್ಯಾರ! ಇಲ್ಲಿಂದ ಆನೆಬಂಡೆ ಗಂಟ ನಮ್ದು! ಗಂಗಯ್ಯಾ, ಔದಾ?"

"ಔದು ಕಣಕ್ಕಾ!"

ಅಲ್ಲಿಂದ ನಾಲ್ಕು ಹೆಜ್ಜೆ ಇಳಿದವರು ತಟ್ಟನೆ ನಿಂತರು. ಕೆಸರು ಸರಿದ ಕಡೆ ಒಲೆಯ ಮೂರು ಗುಂಡುಗಳು ಕಾಣುತ್ತಿದ್ದವು. ಮುದುಕಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕಲ್ಲಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. "ಇದು ನಮ್ಮತ್ತೆ ಒಲೆ ಕಣವ್ವ. ನಾನು ಮದ್ವೆಯಾಗ್ ಬಂದಾಗ ಇದ್ರಾಗೇ ಮುದ್ದೆ ತೊಳ್ಸಿದ್ದು."

ಎರಡು ನಿಮಿಷದ ಆ ವಿಡಿಯೊವನ್ನು ಯಮುನಾ ಹಾಗೇ ಹಾಕಿದಳು, ಅದೇ ನಾಲ್ಕು ಟ್ಯಾಗುಗಳೊಡನೆ. ಬೀಜ ಇನ್ನೂ ಬಿತ್ತಿರಲೂ ಇಲ್ಲ. ಈ ವರ್ಷವೂ ಕಾಯಿ ಬರುತ್ತದೆ ಎಂದು ಗಿರಾಕಿಗಳಿಗೆ ತಿಳಿಯಲಿ ಎಂಬುದು ಅವಳ ಲೆಕ್ಕ.

ಶೆಟ್ಟಿಹಳ್ಳಿಯ ಚರ್ಚು ನೋಡಲು ಬರುವವರು ಶೆಟ್ಟಿಹಳ್ಳಿ ಟ್ಯಾಗಿನಲ್ಲಿ ದಿನವೂ ಹೊಸದು ಹುಡುಕುತ್ತಿದ್ದರು. ಅವರಿಗೆ ಮುದುಕಿ ಸಿಕ್ಕರು, ಒಲೆ ಸಿಕ್ಕಿತು. ಪೃಥ್ವಿರಾಜ್ ಎಂಬ ಹಾಸನದ ಯುವಕ, ಪ್ರವಾಸದ ತಾಣಗಳ ಬಗ್ಗೆ ಪುಟ ನಡೆಸುವವನು, ವಿಡಿಯೊದಿಂದ ಒಲೆಯ ಭಾಗವನ್ನಷ್ಟೇ ಕತ್ತರಿಸಿ, ಕೊಳಲಿನ ಹಾಡು ಕೂರಿಸಿ, 'ನೀರಿನಡಿಯಿಂದ ಎದ್ದು ಬಂದ ಮನೆ' ಎಂದು ಹಾಕಿದ. ಕೆಳಗೆ ಗೋಣಿದಿಣ್ಣೆ ಎಂಬ ಟ್ಯಾಗನ್ನು ಮಾತ್ರ ತಪ್ಪದೆ ಉಳಿಸಿಕೊಂಡಿದ್ದ. ಟ್ಯಾಗು ಒತ್ತಿದರೆ ಯಮುನಾಳ ಹಳೆಯ ಫೋಟೊಗಳೆಲ್ಲ ಬರುತ್ತಿದ್ದವು: ದಾರಿ, ತಿರುವು, ಹಿನ್ನೆಲೆಯಲ್ಲಿ ಚರ್ಚು. ಹುಡುಕಿಕೊಂಡು ಬರುವುದು ಕಷ್ಟವಾಗಲಿಲ್ಲ.

ಹಲಸಂದೆ ಎರಡೆಲೆ ಬಿಟ್ಟಿತ್ತು. ಶನಿವಾರ ಬೈಕುಗಳು ಬಂದವು. ಮುಂದಿನ ವಾರ ಜೀಪುಗಳು ಬಂದು ನೇರ ದಿಣ್ಣೆಗೆ ಇಳಿದವು. ಹಸಿ ಮಣ್ಣಿನಲ್ಲಿ ಚಕ್ರ ತಿರುಗಿಸಿ ಕೆಸರು ಹಾರಿಸುವುದೇ ಒಂದು ವಿಡಿಯೊ. ಗಂಗಯ್ಯ ಓಡಿಹೋಗಿ ಅಡ್ಡ ನಿಂತರು.

"ಲೇ, ಪೈರು ಕಣ್ರಲಾ! ಕಣ್ ಕಾಣಾಕಿಲ್ವಾ?"

"ಯಾರ ಜಮೀನು ಯಜಮಾನ್ರೇ? ಡ್ಯಾಮಿಂದಲ್ವಾ?" ಎಂದು ಚಾಲಕನ ಸೀಟಿನಲ್ಲಿದ್ದವನು ನಕ್ಕ.

ಆ ಪ್ರಶ್ನೆಯನ್ನು ಅವನೊಬ್ಬನೇ ಕೇಳಲಿಲ್ಲ. ವಿಡಿಯೊದ ಕೆಳಗೆ ಯಾರೋ ಬರೆದರು, ಇದು ಸರ್ಕಾರಿ ಜಾಗವಲ್ಲವೇ, ಒತ್ತುವರಿಯಲ್ಲವೇ ಎಂದು. ಇನ್ನೊಬ್ಬರು ಅದನ್ನು ಅಧಿಕಾರಿಗಳ ಖಾತೆಗೆ ಜೋಡಿಸಿದರು. ಒಂದು ಜೀಪು ನೀರಂಚಿನಲ್ಲಿ ಹೂತು, ಒಳಗಿದ್ದವರು ಪ್ರಾಣ ಉಳಿಸಿಕೊಂಡು ಹೊರಬಂದ ಮೇಲಂತೂ ಮೇಲಿನವರು ಸುಮ್ಮನಿರುವಂತಿರಲಿಲ್ಲ.

ಬಂದ ಅಧಿಕಾರಿ ಕೂಗಾಡುವವರಲ್ಲ. ಪುಟ್ಟಲಕ್ಷ್ಮಮ್ಮನವರ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ತಮ್ಮ ಫೋನು ತೆರೆದು ಯಮುನಾಳ ವಿಡಿಯೊ ಹಾಕಿದರು. ಇಲ್ಲಿಂದ ಆನೆಬಂಡೆ ಗಂಟ ನಮ್ದು ಎಂಬ ಕೂಗು ಜಗಲಿಯಲ್ಲಿ ಕೇಳಿಸಿತು.

"ಇದು ನಿಮ್ಮ ದನಿನೇ ಅಲ್ವೇನಮ್ಮ?"

"ನಂದೇ ಕಣ್ ಸಾ."

"ಪರಿಹಾರ ತಗೊಂಡಿದ್ದೀರಿ. ನಮ್ದು ಅಂತ ಹೆಂಗೆ ಹೇಳ್ತೀರಿ?"

"ಅದು ನಮ್ಮೊಳ್ಗೆ ಏಳ್ಕಳದು ಸಾ. ನಿಮ್ಗೇಳಿದ್ದಲ್ಲ."

ಅಧಿಕಾರಿ ಫೋನು ಜೇಬಿಗಿಟ್ಟರು. "ಇಷ್ಟು ದಿನ ನಾವೂ ಕಂಡೂ ಕಾಣದಂಗೆ ಇದ್ವಿ ತಾಯಿ. ಈಗ ಊರಿಗೆಲ್ಲ ಕಂಡಿದೆ. ನಾನೇನ್ ಮಾಡ್ಲಿ, ಹೇಳಿ."

ಆ ವಾರವೇ ಜೆಸಿಬಿ ಬಂದು ದಿಣ್ಣೆಯ ಸುತ್ತ ಆಳದ ಕಂದಕ ತೆಗೆಯಿತು. ತೆಗೆದ ಮಣ್ಣು ಪೈರಿನ ಮೇಲೆ ಬಿತ್ತು. ಪ್ರವೇಶವಿಲ್ಲ, ಸಾಗುವಳಿ ಅಪರಾಧ ಎಂಬ ಫಲಕ ನಿಂತಿತು. ಕಾವಲಿಗೆ ಒಬ್ಬನನ್ನು ಹಾಕಿದರು.

ಆಮೇಲೆ ಯಮುನಾಳಿಗೆ ಊರಿನಲ್ಲಿ ನಡೆಯುವುದೇ ಕಷ್ಟವಾಯಿತು. ಬೋರ್‌ವೆಲ್ಲಿನ ಹತ್ತಿರ ಹೆಂಗಸರು ಬಿಂದಿಗೆ ಎತ್ತಿಕೊಂಡು ಸುಮ್ಮನೆ ಸರಿಯುತ್ತಿದ್ದರು. "ಬಾರವ್ವ ಇಸ್ಟಾರು, ನಮ್ದೊಂದು ಪೋಟ ಇಡಿ" ಎಂದವಳು ಕಮಲಾಕ್ಷಮ್ಮ. ಅವಳ ಮಗಳ ಬಾಣಂತನಕ್ಕೆ ಆ ವರ್ಷದ ಹಲಸಂದೆಯೇ ಆಧಾರವಾಗಿತ್ತು. ಗಂಗಯ್ಯ ಮನೆ ಬಾಗಿಲಿಗೇ ಬಂದರು. ಒಳಗೆ ಕಾಲಿಡಲಿಲ್ಲ.

"ನಲವತ್ ವರ್ಸದ್ ಮ್ಯಾಲೆ ನಾವು ಬಾಯ್ ಮುಚ್ಕಂಡು ಉತ್ಕಂಡ್ ತಿಂದ್ವಿ ಕಣಮ್ಮಿ. ನೀನು ಜಗತ್ಗೆಲ್ಲ ಕೂಗ್ಬುಟ್ಟೆ."

"ಗೊತ್ತಿಲ್ದೆ ಆಯ್ತು ಮಾವ."

"ಗೊತ್ತಿಲ್ದಿದ್ರೆ ಕೇಳ್ಬೇಕಿತ್ತು."

ಮೋಹನ್‌ಕುಮಾರ್ ಆಟೋದಲ್ಲಿದ್ದ ಖಾಲಿ ಬುಟ್ಟಿಗಳನ್ನು ಇಳಿಸಿಟ್ಟ. ಅವನು ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಬೇಲು ಸಾಗಿಸುವ ಬಾಡಿಗೆ ಹಿಡಿದು, ವಾರಕ್ಕೊಮ್ಮೆ ಮನೆಗೆ ಬರತೊಡಗಿದ.

ಯಮುನಾ ಹಾಸನಕ್ಕೆ ಹೋಗಿ ರೂಪಶ್ರೀಯನ್ನು ಹುಡುಕಿದಳು. ಬಟ್ಟೆಯಂಗಡಿಯೊಂದರ ಮಹಡಿಯಲ್ಲಿ ಸಿಕ್ಕಳು.

"ಮೇಡಂ, ಆ ಟ್ಯಾಗ್ ಮುಚ್ಸದೆಂಗೆ?"

"ಮುಚ್ಸೋದು ಅಂದ್ರೆ?"

"ನಂದೇ ಅಂದಿದ್ರಲ್ಲ. ನಂಗೆ ಬ್ಯಾಡ ಈಗ. ಅಳಿಸ್ಬುಡ್ಬೇಕು."

ರೂಪಶ್ರೀಯ ಮುಖದಲ್ಲಿ ನಗುವೊಂದು ಬರಲು ಹೋಗಿ ನಿಂತಿತು. "ನಿಮ್ಮ ಪೋಸ್ಟು ನೀವು ಅಳಿಸ್ಬಹುದು. ಟ್ಯಾಗ್ ಯಾರ್ದೂ ಅಲ್ಲ ಯಮುನಾ ಅವ್ರೇ. ಬೇರೆಯವರು ಹಾಕಿದ್ದು ಹಾಗೇ ಇರುತ್ತೆ." ಒತ್ತಿ ನೋಡಿದಳು. ಅದರಡಿ ಬಂದಿದ್ದನ್ನು ಇನ್ನು ಎಣಿಸುವಂತಿರಲಿಲ್ಲ. "ನಾನು ನಿಮಗೆ ಹೇಳಿದ್ದು ಸೌತೆಕಾಯಿ ಮಾರೋದಕ್ಕೆ," ಎಂದಳು, ತನಗೇ ಹೇಳಿಕೊಂಡಂತೆ.

ಹಿಂದಿರುಗುವ ಬಸ್ಸಿನಲ್ಲಿ ಯಮುನಾ ತಾನು ಹಾಕಿದ್ದನ್ನೆಲ್ಲ ಅಳಿಸಿದಳು. ಅಧಿಕಾರಿಯ ಫೋನಿನಿಂದ ಬಂದ ಅತ್ತೆಯ ದನಿ ಕಿವಿಯಲ್ಲಿ ಇನ್ನೂ ಇತ್ತು. ನಾಳೆ ಇದೇ ಸಾಕ್ಷಿಯಾಗಿ ಮುದುಕಿಯನ್ನು ಕೋರ್ಟು ಹತ್ತಿಸಿದರೆ ಎಂಬ ಹೆದರಿಕೆ. ಫೋನಿನೊಳಗಿದ್ದ ಮೂಲ ವಿಡಿಯೊಗಳನ್ನೂ ತೆಗೆದುಹಾಕಿದಳು.

ಮುಂದಿನ ವರ್ಷ ಮಳೆ ಚೆನ್ನಾಗಿ ಬಂತು. ನೀರು ತಡವಾಗಿ ಇಳಿಯಿತು. ಮಣ್ಣು ಕಾಲು ತಡೆಯುವಷ್ಟಾದ ದಿನ ಯಾರೂ ಗಡಿ ಕೂಗಲಿಲ್ಲ. ದಿಣ್ಣೆ ಬಿಸಿಲಿಗೆ ಒಡೆದು ಬಾಯಿ ಬಿಟ್ಟಿತು. ಅದರಾಚೆಯ ವರ್ಷ ಒಂದು ಸುದ್ದಿ ಬಂತು. ಮೊದಲಿನಿಂದ ಉಳುತ್ತಿದ್ದ ಕುಟುಂಬಗಳು ಒಟ್ಟಾಗಿ ಅರ್ಜಿ ಹಾಕಿದರೆ, ಬೇಸಿಗೆಯ ಮಟ್ಟಿಗೆ ಗುತ್ತಿಗೆ ಕೊಡುವ ಸಾಧ್ಯತೆ ಇದೆ ಎಂದು ಅರಕಲಗೂಡಿನ ವಕೀಲ ಹರ್ಷವರ್ಧನ್ ಹೇಳಿ ಕಳಿಸಿದ್ದರು. ಅವರ ಷರತ್ತು ಒಂದೇ. ಯಾರು ಎಲ್ಲಿಂದ ಎಲ್ಲಿಯವರೆಗೆ ಉಳುತ್ತಿದ್ದರು ಎಂಬುದನ್ನು ಎಲ್ಲರೂ ಒಪ್ಪಿ ಸಹಿ ಮಾಡಬೇಕು. ಒಬ್ಬರು ತಕರಾರು ತೆಗೆದರೂ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ.

ಮೇಲ್ಕೊಪ್ಪಲಿನಲ್ಲಿ ಬಹಳ ದಿನದ ಮೇಲೆ ಜನ ಒಂದು ಜಗಲಿಯ ಮೇಲೆ ಕೂತರು. ಯಮುನಾ ಎಲ್ಲರಿಗೂ ಕಾಫಿ ಕೊಟ್ಟಳು, ಎಲ್ಲರೂ ತೆಗೆದುಕೊಂಡರು. ಒಬ್ಬೊಬ್ಬರಾಗಿ ತಮ್ಮ ಗಡಿ ಹೇಳುತ್ತಾ ಬಂದು ಪುಟ್ಟಲಕ್ಷ್ಮಮ್ಮನವರ ಸರದಿ ಬಂತು.

"ಚರ್ಚಿನ್ ಮೂಡ್ಲ ಗ್ವಾಡೆಗೂ ಗುಡ್ಡದ್ ಸೀಳ್ಗೂ ನ್ಯಾರ..."

"ಮೂಡ್ಲ ಗ್ವಾಡೆ ಅಲ್ಲ ಕಣಕ್ಕ," ಎಂದರು ಗಂಗಯ್ಯ. "ಪಡ್ವಲದ್ದು."

"ಯಾವಾಗ್ಲಾ ಪಡ್ವಲ ಆಗಿದ್ದು? ನಮ್ಮೆಜ್ಮಾನ್ರು ಏಳ್ತಿದ್ದುದ್ನೇ ನಾನೇಳದು."

"ನಿನ್ನೆಜ್ಮಾನ್ರು ಏಳ್ತಿದ್ದಿದ್ದೂ ಪಡ್ವಲನೇ. ನಾನು ಔದು ಅಂದಿದ್ದೂ ಅದ್ಕೇ. ಮೂಡ್ಲ ಅಂದ್ರೆ ನನ್ ಅರ್ಧ ವಲ ನಿನ್ತಾವ ಬತ್ತದೆ."

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಾಲಿನಲ್ಲಿ ನಡೆದು, ಬಾಯಿಯಲ್ಲಿ ಹೇಳಿ, ಕಿವಿಯಲ್ಲಿ ಕೇಳಿ ಉಳಿಸಿಕೊಂಡದ್ದು, ನಡೆಯದೆ ಎರಡು ಬೇಸಿಗೆ ಕಳೆದಾಗ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಕಡೆಗೆ ವಾಲಿತ್ತು. ಚರ್ಚಿನ ಒಂದು ಗೋಡೆಯೂ ಈ ನಡುವೆ ಮಳೆಗೆ ಕುಸಿದು, ದೂರದಿಂದ ಅದರ ರೂಪವೇ ಬದಲಾಗಿತ್ತು. ಯಾವ ಗೋಡೆಯನ್ನು ಹಿಡಿದು ನೋಡುತ್ತಿದ್ದೆವು ಎಂದು ಖಾತ್ರಿಯಾಗಿ ಹೇಳುವವರು ಯಾರೂ ಇರಲಿಲ್ಲ.

ಪುಟ್ಟಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿದರು. "ಯಮುನಾ, ಆ ಇಡಿಯೋದಾಗೆ ನಾನು ಕೂಗಿದ್ದು ಐತಲ್ಲ. ಆಕವ್ವ, ಇವ್ನೂ ಕೇಳ್ಕಳ್ಲಿ."

ಯಮುನಾ ಬಾಗಿಲಿನಲ್ಲೇ ನಿಂತಳು. "ಅಳಿಸ್ಬುಟ್ಟಿದ್ದೀನಿ ಅತ್ತೆ."

"ಬ್ಯಾರೇರು ಆಕವ್ರಲ್ಲ, ಅದ್ರಾಗೆ ನೋಡು."

ಎರಡು ವರ್ಷದಿಂದ ಒತ್ತದ ಆ ಹೆಸರನ್ನು ಯಮುನಾ ಒತ್ತಿದಳು. ಸಾಲುಸಾಲಾಗಿ ಬಂದವು. ಎಲ್ಲದರಲ್ಲೂ ಅದೇ ಒಲೆ, ಅದೇ ಮುದುಕಿ, ಹತ್ತಿರಕ್ಕೆ ಹಿಗ್ಗಿಸಿದ ಅದೇ ಮುಖ. ಹಿಂದೆ ಗುಡ್ಡವೂ ಇಲ್ಲ, ಚರ್ಚೂ ಇಲ್ಲ. ಒಂದರಲ್ಲಿ ಕೊಳಲು, ಒಂದರಲ್ಲಿ ಯಾವುದೋ ಸಿನಿಮಾದ ಹಾಡು, ಇನ್ನೊಂದರಲ್ಲಿ ಇಂಗ್ಲಿಷ್ ಹಾಡು. ಗಂಗಯ್ಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ನನ್ ಬಾಯಿ ಅಳ್ಳಾಡ್ತೈತೆ," ಎಂದರು ಪುಟ್ಟಲಕ್ಷ್ಮಮ್ಮ. "ಏನಂತಿದ್ದೀನಿ ಅದ್ರಾಗೆ?"

"ಹಾಡು ಆಕವ್ರೆ ಅತ್ತೆ. ಕೇಳ್ಸಾಕಿಲ್ಲ."

"ಇನ್ನೊಂದ್ ತೋರ್ಸು."

ಯಮುನಾ ತೋರಿಸಿದಳು. ಇನ್ನೊಂದು ತೋರಿಸಿದಳು. ದನಿಯಿರುವ ಪ್ರತಿ ಇದ್ದರೆ ಆ ಅಧಿಕಾರಿಯ ಬಳಿ ಇರಬಹುದು ಎಂದು ಯಾರೋ ಹೇಳಿದರು. ಅವರಿಗೆ ವರ್ಗವಾಗಿತ್ತು, ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ, ನಮ್ದು ಎಂದು ಕೂಗಿದ್ದನ್ನು ಅವರ ಹತ್ತಿರವೇ ಕೇಳಲು ಹೋಗುವ ಧೈರ್ಯ ಯಾರಿಗಿತ್ತು?

"ನಾನು ಸೈ ಆಕಾಕಿಲ್ಲ ಕಣಕ್ಕ," ಎಂದು ಗಂಗಯ್ಯ ಎದ್ದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಗೊತ್ತಿಲ್ದಿದ್ದುಕ್ಕೆ ಎಂಗ್ ಔದು ಅನ್ಲಿ?"

ಅವರ ಹಿಂದೆ ಉಳಿದವರೂ ಎದ್ದರು. ಸಹಿಗೆಂದು ವಕೀಲರು ಗೊತ್ತುಮಾಡಿದ್ದ ದಿನ ಮೇಲ್ಕೊಪ್ಪಲಿನಿಂದ ಅರಕಲಗೂಡಿಗೆ ಯಾರೂ ಹೋಗಲಿಲ್ಲ.